ತಿಮ್ಮನ ತಾಯಿ ಮೇರಿ

ದಿಲ್ಲಿಯಲ್ಲಿ ಎಲ್ಲ ಜಗಳಕ್ಕೂ ಒಂದೇ ಪೀಠಿಕೆ. 'ತೂ ಜಾನ್ತಾ ನಹೀ ಮೇರಾ ಬಾಪ್ ಕೌನ್ ಹೈ!' ಕಾರಿಗೆ ಕಾರು ತಾಗಿದರೂ ಅಪ್ಪ ಬರುತ್ತಾನೆ. ಪಾರ್ಕಿಂಗ್ ಸಿಗದಿದ್ದರೂ ಅಪ್ಪ ಬರುತ್ತಾನೆ. ಟೋಲ್ ಕೇಳಿದ ಹುಡುಗನ ಕೆನ್ನೆಗೆ ಬಾರಿಸುವ ಮೊದಲೂ ಅಪ್ಪನ ಹೆಸರು ಹೇಳಿಯೇ ಬಾರಿಸುತ್ತಾರೆ. ಅಪ್ಪನಿಲ್ಲದವರು ಈ ಊರಿನ ರಸ್ತೆಗೆ ಇಳಿಯಲೇಬಾರದು.

ಭಾನುವಾರದ ಪತ್ರಿಕೆಯಲ್ಲಿ ವಧು–ವರರ ಪುಟ ತೆರೆಯಿರಿ. ಗೋತ್ರ, ಉಪಜಾತಿ, ಅಜ್ಜ ರಿಟೈರಾದ ಹುದ್ದೆ, ಎಲ್ಲವೂ ಇದೆ. ನಾಯಿಮರಿ ಕೊಳ್ಳುವವರು ಅದರ ಮುತ್ತಜ್ಜನ ಕಾಗದ ಕೇಳುತ್ತಾರೆ. ರೋಹ್ತಕ್, ಝಜ್ಜರ್ ಕೂಡ ರಾಜಧಾನಿ ಪ್ರದೇಶದ, ಅಂದರೆ ಎನ್‌ಸಿಆರ್‌ನ ಒಳಗೇ ಬರುತ್ತವೆ. ಆ ಕಡೆಯ ಖಾಪ್ ಪಂಚಾಯಿತಿಯ ಹಿರಿಯರಿಗೆ ಊರಿನ ಹುಡುಗ–ಹುಡುಗಿಯರ ಗೋತ್ರವೆಲ್ಲ ಬಾಯಿಪಾಠ. ನಮ್ಮವರೇನು ಕಡಿಮೆ? ದಿಲ್ಲಿಯಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಎರಡನೆಯ ಪ್ರಶ್ನೆ 'ಯಾವೂರು?' ಮೂರನೆಯದು 'ಯಾವ ಕಡೆಯವರು?' ನಾಲ್ಕನೆಯದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಹೆಸರಿನ ತುದಿಯಲ್ಲಿ ಹುಡುಕಿಕೊಳ್ಳುತ್ತಾರೆ.

ಇಂಥ ಊರಿನಲ್ಲಿ ಒಂದು ಗಿಡದ ಅಪ್ಪ–ಅಮ್ಮ ಯಾರು ಅಂತ ಕೇಳಿ ನೋಡಿ.

'ಇಂಪೋರ್ಟೆಡ್ ಹೈ, ಸರ್.'

ಅಷ್ಟೇ. ವಂಶಾವಳಿ ಮುಗಿಯಿತು.

ನೋಯ್ಡಾದ ಸರ್ವಿಸ್ ರಸ್ತೆಯ ಪಕ್ಕ, ಮೆಟ್ರೊ ಕಂಬಗಳ ಕೆಳಗೆ, ಹಸಿರು ಬಲೆ ಕಟ್ಟಿಕೊಂಡ ನರ್ಸರಿಗಳು ಸಾಲಾಗಿವೆ. ಅಲ್ಲಿ ಗಿಡಗಳಿಗೆ ಮೂರೇ ಜಾತಿ. ದೇಸಿ, ಹೈಬ್ರಿಡ್, ಇಂಪೋರ್ಟೆಡ್. ದೇಸಿಗೆ ಐವತ್ತು ರೂಪಾಯಿ. ಹೈಬ್ರಿಡ್‌ಗೆ ಇನ್ನೂರು. ಇಂಪೋರ್ಟೆಡ್‌ನ ಬೆಲೆ ನೀವು ಇಳಿದ ಕಾರಿನ ಮೇಲೆ ನಿಂತಿದೆ. ಗಿಡ ಬಂದದ್ದು ಆಂಧ್ರದ ಕಡಿಯಂನಿಂದ, ಇಲ್ಲವೇ ಕೊಲ್ಕತ್ತಾದಿಂದ, ಇಲ್ಲವೇ ಪುಣೆಯಿಂದ. ಲಾರಿಯ ಮೇಲಿನ ನಂಬರ್ ಪ್ಲೇಟು ಸಾಕ್ಷಿ ಹೇಳುತ್ತಿದೆ. ಆದರೂ ಗಿಡ ಮಾತ್ರ ಥಾಯ್ಲೆಂಡಿನದು.

ತಮಾಷೆ ನೋಡಿ. 'ಎನ್‌ಜಾಯ್' ಎಂಬ ಬಿಳಿ–ಹಸಿರು ಎಲೆಯ ಮನಿ ಪ್ಲಾಂಟನ್ನು ಇಲ್ಲಿ ಇಂಪೋರ್ಟೆಡ್ ಎಂದು ಮೂರು ಪಟ್ಟು ಬೆಲೆಗೆ ಮಾರುತ್ತಾರೆ. ಅದು ಹುಟ್ಟಿದ್ದು ಮುಂಬೈಯಲ್ಲಿ. ಮಾರ್ಬಲ್ ಕ್ವೀನ್ ಬಳ್ಳಿಯ ಒಂದು ಕೊಂಬೆ ತಾನಾಗಿ ಬಣ್ಣ ಬದಲಿಸಿತು, ಕಣ್ಣಿದ್ದವರೊಬ್ಬರು ಅದನ್ನು ಗುರುತಿಸಿದರು, ಅಮೆರಿಕದಲ್ಲಿ ಪೇಟೆಂಟ್ ಮಾಡಿಸಿದರು. ಮುಂಬೈನ ಕೂಸು ಅಮೆರಿಕಕ್ಕೆ ಹೋಗಿ ಹೆಸರು ಮಾಡಿಕೊಂಡು ಬಂದ ಮೇಲೆ ದಿಲ್ಲಿಯವರು ಕೈಮುಗಿದು ಮನೆಯೊಳಗೆ ಕರೆದುಕೊಂಡರು. ನಮ್ಮ ವಿಜ್ಞಾನಿಗಳಿಗೂ ಲೇಖಕರಿಗೂ ಇದೇ ದಾರಿ. ಗಿಡ ಬೇರೆ ಏಕಾಗಬೇಕು?

'ಹೈಬ್ರಿಡ್ ಮನಿ ಪ್ಲಾಂಟ್ ಹೈ' ಎಂಬ ಮಾತನ್ನಂತೂ ನಾನು ಕೇಳದ ನರ್ಸರಿಯೇ ಎನ್‌ಸಿಆರ್‌ನಲ್ಲಿಲ್ಲ. ಎರಡು ಗಿಡ ಸೇರಿ ಮೂರನೆಯದು ಹುಟ್ಟಬೇಕಾದರೆ ಮೊದಲು ಹೂ ಬಿಡಬೇಕು. ಮನಿ ಪ್ಲಾಂಟ್ ಹೂ ಬಿಡುವುದೇ ಇಲ್ಲ. ತಾನಾಗಿ ಹೂ ಬಿಟ್ಟದ್ದರ ಕೊನೆಯ ದಾಖಲೆ 1964ರದು. ಹೂ ಬಿಡಲು ಬೇಕಾದ ಗಿಬ್ಬರೆಲಿನ್ ಹಾರ್ಮೋನು ಅದರೊಳಗೆ ತಯಾರಾಗುತ್ತಿಲ್ಲ, ಆ ಕೆಲಸ ಮಾಡಬೇಕಾದ ಜೀನ್ ಸುಮ್ಮನೆ ಕೂತಿದೆ ಎಂದು ಫ್ಲಾರಿಡಾದ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಸರ್ಕಾರಿ ಕಚೇರಿಯಲ್ಲಿ ಇಂಥ ಜೀನ್‌ಗಳನ್ನು ನಾವು ದಿನಾ ನೋಡುತ್ತೇವೆ, ಅದಿರಲಿ.

ಮೂಲ ಬಳ್ಳಿ ತಾಹಿತಿ ಪಕ್ಕದ ಮೊರೇಆ ದ್ವೀಪದ್ದು. ಗೋಲ್ಡನ್, ಮಾರ್ಬಲ್ ಕ್ವೀನ್, ಎನ್‌ಜಾಯ್, ಎಲ್ಲವೂ ಅದರ ತುಂಡುಗಳು ಮತ್ತು ತುಂಡಿನ ತುಂಡುಗಳು. ನಡುವೆ ಎಲ್ಲೋ ಒಂದು ಕೊಂಬೆ ಬಣ್ಣ ಬದಲಿಸಿದ್ದಷ್ಟೇ ವ್ಯತ್ಯಾಸ. ಅಪ್ಪನಿಲ್ಲ, ಅಮ್ಮನಿಲ್ಲ. ಕತ್ತರಿ ಮಾತ್ರ ಇದೆ. ಅದಕ್ಕೂ ಹೈಬ್ರಿಡ್ ಅಂತ ಚೀಟಿ. ಕೊಳ್ಳುವವರು ತಲೆಯಾಡಿಸುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ಇಂಜಿನಿಯರುಗಳು.

ಕೊಳ್ಳದವರೂ ಇದ್ದಾರೆ. ಮನಿ ಪ್ಲಾಂಟನ್ನು ಕದ್ದು ನೆಟ್ಟರೆ ದುಡ್ಡು ಬರುತ್ತದಂತೆ. ಮೂರು ಕೋಟಿಯ ಫ್ಲ್ಯಾಟಿನವರು ಪಕ್ಕದ ಮನೆಯ ಬಳ್ಳಿಯನ್ನು ಚಿವುಟುವುದು ಇಲ್ಲಿ ಸಂಪ್ರದಾಯ. 2023ರ ಫೆಬ್ರವರಿಯಲ್ಲಿ ಗುರುಗ್ರಾಮದಲ್ಲಿ ಈ ಸಂಪ್ರದಾಯ ಇನ್ನೊಂದು ಮೆಟ್ಟಿಲು ಹತ್ತಿತು. ಜಿ–20 ಅತಿಥಿಗಳಿಗಾಗಿ ರಸ್ತೆಬದಿಯಲ್ಲಿ ಜೋಡಿಸಿದ್ದ ಹೂಕುಂಡಗಳನ್ನು ದುಬಾರಿ ಕಾರಿನಲ್ಲಿ ಬಂದವರು ಹಗಲು ಹೊತ್ತಿನಲ್ಲೇ ಡಿಕ್ಕಿಗೆ ತುಂಬಿಕೊಂಡು ಹೋದರು. ವಿಡಿಯೊ ದೇಶವಿಡೀ ಓಡಿತು. ಪೊಲೀಸರು ಬಂದರು. ಅಷ್ಟು ಬೆಲೆಯ ಕಾರು, ಅಷ್ಟು ಅಗ್ಗದ ಕುಂಡ. ಕದ್ದವರಿಗೂ ಗೊತ್ತಿರಲಿಲ್ಲ ಅದು ಯಾವ ಗಿಡವೆಂದು, ಇಟ್ಟವರಿಗೂ ಗೊತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಕಳ್ಳರೂ ಸರ್ಕಾರವೂ ಸಮಸಮ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ.

ಫೆಬ್ರವರಿಯಿಂದ ಬೇಸಿಗೆಯ ತನಕ ದಿಲ್ಲಿಯ ಫ್ಲೈಓವರುಗಳ ಮೇಲೆ, ಸರ್ಕಾರಿ ಬಂಗಲೆಗಳ ಗೋಡೆಗಳ ಮೇಲೆ ಬೋಗನ್‌ವಿಲ್ಲಾ ಉಕ್ಕುತ್ತದೆ. ನಮ್ಮ ಊರಿನ ಕಾಗದದ ಹೂ. ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಹೊಸ ಬೋಗನ್‌ವಿಲ್ಲಾ ತಳಿ ಬೆಳೆಸಿದರೂ, ಕ್ಯಾಲಿಫೋರ್ನಿಯಾ ಇರಲಿ ಕೀನ್ಯಾ ಇರಲಿ, ಅದರ ಹೆಸರು ಅಧಿಕೃತವಾಗಿ ನೋಂದಣಿಯಾಗಬೇಕಾದ ಜಾಗ ಒಂದೇ. ಪ್ಯಾರಿಸ್ ಅಲ್ಲ, ಲಂಡನ್ ಅಲ್ಲ. ದಿಲ್ಲಿಯ ಪೂಸಾ. 1966ರಿಂದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯೇ ಈ ಹೂವಿನ ಅಂತರರಾಷ್ಟ್ರೀಯ ನೋಂದಣಿ ಪ್ರಾಧಿಕಾರ. ಇಡೀ ಭೂಮಂಡಲದ ಬೋಗನ್‌ವಿಲ್ಲಾಗಳ ಜಾತಕ ಬರೆಯುವ ಜೋಯಿಸರ ಮನೆ ಇದೇ ಊರಿನಲ್ಲಿದೆ.

ಪೂಸಾದ ಗೇಟಿನಿಂದ ಆಟೊ ಹತ್ತಿ. ಎದುರಾಗುವ ಮೊದಲ ನರ್ಸರಿಯಲ್ಲಿ ನಿಲ್ಲಿಸಿ. ಬೋಗನ್‌ವಿಲ್ಲಾ ತೋರಿಸಿ ಹೆಸರು ಕೇಳಿ.

'ಪಿಂಕ್ ವಾಲಾ.'

ಪಕ್ಕದ್ದು?

'ಡಾರ್ಕ್ ಪಿಂಕ್ ವಾಲಾ.'

ಅರ್ಧ ಶತಮಾನಕ್ಕೂ ಮೀರಿದ ಸಂಶೋಧನೆ ಗೇಟಿನಿಂದ ಹೊರಗೆ ಬರಲು ಇನ್ನೂ ಆಟೊ ಹುಡುಕುತ್ತಿದೆ.

ಆ ಗೇಟಿನ ಒಳಗಿನ ಕೆಲಸ ಹುಡುಗಾಟದ್ದಲ್ಲ. ನಾವು ನೋಡುವ ಬೋಗನ್‌ವಿಲ್ಲಾಗಳಲ್ಲಿ ಬಹುಪಾಲು ಮೂರು ಮೂಲ ಪ್ರಭೇದಗಳ ಸಂತತಿ: ಸ್ಪೆಕ್ಟಾಬಿಲಿಸ್, ಗ್ಲ್ಯಾಬ್ರಾ, ಪೆರುವಿಯಾನ. ಮೂರೂ ದಕ್ಷಿಣ ಅಮೆರಿಕದವು. 1910ರಲ್ಲಿ ಮಿಸೆಸ್ ಬಟ್ ಎಂಬಾಕೆ ಕೊಲಂಬಿಯಾದ ಕಾರ್ತಹೇನಾದಲ್ಲಿ ಕಡುಗೆಂಪು ಗಿಡವೊಂದನ್ನು ಕಂಡು ಟ್ರಿನಿಡಾಡ್‌ಗೆ ಒಯ್ದರು. ಅದು ಗ್ಲ್ಯಾಬ್ರಾ ಮತ್ತು ಪೆರುವಿಯಾನ ಸೇರಿ ಹುಟ್ಟಿದ ಸಂಕರ ಎಂದು ಆಮೇಲೆ ತಿಳಿಯಿತು. ಗಿಡಕ್ಕೆ ಆಕೆಯದೇ ಹೆಸರು ಉಳಿಯಿತು. ಅದರ ಒಂದು ಕೊಂಬೆ ಫಿಲಿಪೈನ್ಸ್‌ನಲ್ಲಿ ಕೆರಳಿ ಮುದ್ದೆಮುದ್ದೆ ಜೋಡಿ ಹೂವಾಯಿತು. ಅದೇ 'ಮಹಾರಾ'. ವ್ಯಾಪಾರಿಗಳು ಅದಕ್ಕೇ 'ಮಿಲಿಯನ್ ಡಾಲರ್' ಎಂದರು. ಕ್ಯಾಲಿಫೋರ್ನಿಯಾದ 'ಸ್ಯಾನ್ ಡಿಯಾಗೊ ರೆಡ್' ಕೂಡ ಹಾಗೆಯೇ; ಅದೇ ಗಿಡ ಇನ್ನೊಂದು ಅಂಗಡಿಯಲ್ಲಿ 'ಸ್ಕಾರ್ಲೆಟ್ ಓಹಾರಾ'. ಒಂದೇ ಗಿಡವನ್ನು ಎರಡು ಹೆಸರಿನಲ್ಲಿ ಎರಡು ಸಲ ಮಾರುವ ಕಲೆ ನಮ್ಮ ನರ್ಸರಿಯವರದೇ ಆವಿಷ್ಕಾರವೆಂದು ಹೆಮ್ಮೆಪಡಬೇಕಿಲ್ಲ.

ಇಂಥ ಗೋಜಲನ್ನು ಬಿಡಿಸುವುದು ಹೇಗೆ? ಮುಳ್ಳು ನೋಡಬೇಕು. ಎಲೆಯ ಮೇಲಿನ ಕೂದಲು ನೋಡಬೇಕು. ಬಣ್ಣದ ಕಾಗದದ ನಡುವೆ ಅಡಗಿರುವ ನಿಜವಾದ ಹೂವಿನ ಕೊಳವೆ ನೋಡಬೇಕು, ಬಣ್ಣದ್ದು ಹೂವೇ ಅಲ್ಲ. ಆಮೇಲೆ ಕ್ರೋಮೋಸೋಮ್ ಎಣಿಸಬೇಕು. ಸಾಮಾನ್ಯ ಗಿಡದಲ್ಲಿ 34. ಅದರ ಒಂದೂವರೆ ಪಟ್ಟು, ಎರಡು ಪಟ್ಟು ಇರುವ ತಳಿಗಳೂ ಇವೆ. 1970ರ ದಶಕದಲ್ಲಿ ಲಖ್ನೋದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಖೋಶೂ ಮತ್ತು ಜೊತೆಗಾರರು ಕೂತು ಇದನ್ನೇ ಎಣಿಸಿದರು. ಕಣ್ಣು ಸವೆಸಿಕೊಂಡು ಎಣಿಸಿದ್ದು ಕೊನೆಗೆ 'ಡಾರ್ಕ್ ಪಿಂಕ್ ವಾಲಾ' ಎನಿಸಿಕೊಳ್ಳಲಿಕ್ಕೆ.

ನನಗೆ ಇವುಗಳಲ್ಲೆಲ್ಲ ಇಷ್ಟವಾದವಳು ಮೇರಿ ಪಾಮರ್. 1949ರಲ್ಲಿ ಕಲ್ಕತ್ತಾದ ಅಗ್ರಿ–ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ 'ಮಿಸೆಸ್ ಎಚ್. ಸಿ. ಬಕ್' ಎಂಬ ಗಿಡದ ಕೊಂಬೆಯೊಂದು ಹಟ ಹಿಡಿಯಿತು. ಒಂದೇ ಕೊಂಬೆಯಲ್ಲಿ ಒಂದು ಗೊಂಚಲು ಅಚ್ಚ ಬಿಳಿ, ಪಕ್ಕದ್ದು ಕಡು ಗುಲಾಬಿ, ಇನ್ನೊಂದರಲ್ಲಿ ಎರಡೂ. ಒಂದೇ ಮೈಯೊಳಗೆ ಎರಡು ಬಗೆಯ ಜೀವಕೋಶಗಳ ಸಂಸಾರ. ಯಾವ ಕೊಂಬೆ ಯಾವಾಗ ಯಾವ ಬಣ್ಣಕ್ಕೆ ತಿರುಗುತ್ತದೆಂದು ಹೇಳಲು ಬರುವುದಿಲ್ಲ. ರಾಜ್ಯಸಭೆಗೆ ನಾಮಕರಣ ಮಾಡಲು ಇದಕ್ಕಿಂತ ಅರ್ಹತೆ ಬೇಕೆ?

ಈ ಮೇರಿಯ ಕೊಂಬೆ ಇನ್ನೊಮ್ಮೆ ಮಗ್ಗುಲಾಗಿ, ಎಲೆಯ ನಡುವೆ ಹಳದಿ ಬಳಿದುಕೊಂಡು ಹುಟ್ಟಿದವನು ತಿಮ್ಮ. ಹೌದು, ತಳಿಯ ಹೆಸರೇ 'ತಿಮ್ಮ'. ದಿಲ್ಲಿಯ ರಸ್ತೆ ವಿಭಜಕಗಳಲ್ಲಿ ಹೊಗೆ ಕುಡಿದುಕೊಂಡು ಹೆಜ್ಜೆಗೊಬ್ಬ ತಿಮ್ಮ ನಿಂತಿದ್ದಾನೆ. ಇಲ್ಲಿನವರು ಅವನನ್ನು 'ಥೀಮಾ' ಅನ್ನುತ್ತಾರೆ. ಅದೂ ಹೆಸರು ಗೊತ್ತಿದ್ದವರು. ಉಳಿದವರಿಗೆ ಅವನು 'ಡಬಲ್ ಕಲರ್ ವಾಲಾ'. ತಿಮ್ಮನ ತಾಯಿ ಮೇರಿ, ಮೇರಿಯ ತಾಯಿ ಮಿಸೆಸ್ ಬಕ್. ಈ ಜಾತಕ ಹೇಳಿದರೆ ನಮ್ಮ ಸೊಸೈಟಿಯ ಕೆಲವರು ತಿಮ್ಮನನ್ನು ಬಾಲ್ಕನಿಯಿಂದ ಕೆಳಗೆ ಇಳಿಸಿಬಿಟ್ಟಾರು. ಹಾಗಾಗಿ ನಾನು ಹೇಳುವುದಿಲ್ಲ.

ಇದು ಚೇಷ್ಟೆಯ ಮಾತಲ್ಲ. ಮಗಳು ಬೇರೆ ಜಾತಿಯ ಹುಡುಗನನ್ನು ಒಪ್ಪಿಕೊಂಡಳೆಂದರೆ ಇವರ ಮನೆಯಲ್ಲಿ ಸೂತಕ. ಬಾಲ್ಕನಿಗೆ ಮಾತ್ರ ಮಿಶ್ರ ವಿವಾಹದ ಸಂತಾನವೇ ಬೇಕು. 1980ರ ದಶಕದಲ್ಲಿ ಇಂಡೊನೇಷ್ಯಾದ ಗ್ರೆಗೊರಿ ಹಂಬಾಲಿ ಸುಮಾತ್ರಾದ ಆಗ್ಲೊನೀಮಾ ರೊಟಂಡಮ್ ಎಂಬ ಗಿಡಕ್ಕೂ ಫಿಲಿಪೈನ್ಸ್ ಕಡೆಯ ಕಮ್ಯುಟೇಟಮ್‌ನ ಒಂದು ತಳಿಗೂ ಮದುವೆ ಮಾಡಿಸಿದರು. ಹುಟ್ಟಿದ್ದು 'ಪ್ರೈಡ್ ಆಫ್ ಸುಮಾತ್ರಾ'. ಹಸಿರು ಎಲೆಗೆ ಕೆಂಪು ಬಂತು. ಇವತ್ತು ಗುರುಗ್ರಾಮದ ಡ್ರಾಯಿಂಗ್ ರೂಮುಗಳಲ್ಲಿ ಮೆರೆಯುವ ಕೆಂಪು ಆಗ್ಲೊನೀಮಾಗಳ ದಾರಿ ತೆರೆದದ್ದು ಆ ಮಿಶ್ರ ವಿವಾಹ. ಅದರ ಪಕ್ಕದ ಸೋಫಾದಲ್ಲಿ ಕೂತೇ ಹುಡುಗಿಯ ಗೋತ್ರ ವಿಚಾರಿಸುತ್ತಾರೆ.

ಪೂಸಾದಲ್ಲೇ ಇನ್ನೊಂದು ಪ್ರಾಧಿಕಾರವಿದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣೆ ಕಾಯ್ದೆಯ ಕೂಸು. ಅಲ್ಲಿ ತಳಿ ನೋಂದಾಯಿಸಬೇಕಾದರೆ ಮೂರು ಪರೀಕ್ಷೆ. ಬೇರೆಯವುಗಳಿಂದ ಭಿನ್ನವಾಗಿರಬೇಕು. ಗಿಡದಿಂದ ಗಿಡಕ್ಕೆ ಏಕರೂಪವಿರಬೇಕು. ತಲೆಮಾರು ಕಳೆದರೂ ಸ್ಥಿರವಾಗಿರಬೇಕು. ಈ ಮೂರು ಪರೀಕ್ಷೆಗಳನ್ನು ಸಂಸತ್ತಿಗೆ ಹೋಗುವವರಿಗೆ ಇಟ್ಟಿದ್ದರೆ ಹೊಸ ಕಟ್ಟಡ ಕಟ್ಟುವ ಖರ್ಚು ಉಳಿಯುತ್ತಿತ್ತು.

ಹಿಂದೆ ಹೀಗಿರಲಿಲ್ಲ ಎಂದು ಹಲುಬುವವನು ನಾನಲ್ಲ. ಆದರೆ ಪೂಸಾದ ನಿರ್ದೇಶಕರಾಗಿದ್ದ ಬಿ. ಪಿ. ಪಾಲ್ ಎಂಬವರಿದ್ದರು. ತುಕ್ಕುರೋಗ ತಡೆಯುವ ಎನ್‌ಪಿ 809 ಗೋಧಿ ಅವರ ಕೆಲಸ. 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಮೊದಲ ಮಹಾನಿರ್ದೇಶಕರಾದರು. ಬಿಡುವಿನಲ್ಲಿ ಗುಲಾಬಿಗಳಿಗೆ ಪರಾಗ ಮುಟ್ಟಿಸಿ 'ಡೆಲ್ಲಿ ಪ್ರಿನ್ಸೆಸ್', 'ಹೋಮಿ ಭಾಭಾ' ಎಂದೆಲ್ಲ ಹೊಸ ತಳಿ ತೆಗೆದರು. ದೇಶಕ್ಕೆ ರೊಟ್ಟಿ ಕೊಟ್ಟವರು ಗುಲಾಬಿಯ ಹೆಸರನ್ನೂ ಸರಿಯಾಗಿ ಬರೆದಿಡುತ್ತಿದ್ದರು. ಈಗ 'ಡೆಲ್ಲಿ ಪ್ರಿನ್ಸೆಸ್' ಎಲ್ಲಿ ಸಿಗುತ್ತದೆ ಎಂದು ದಿಲ್ಲಿಯ ನರ್ಸರಿಯಲ್ಲಿ ಕೇಳಿದೆ. 'ಮಾಲ್‌ನಲ್ಲಿ ನೋಡಿ, ಸರ್. ಬಟ್ಟೆ ಅಂಗಡಿ ಇರಬೇಕು' ಎಂದ.

ಹೆಸರಿನ ಬಗ್ಗೆ ದಿಲ್ಲಿಗೆ ಆಸಕ್ತಿ ಇಲ್ಲವೆಂದಲ್ಲ. ಬೇಕಾದಷ್ಟಿದೆ. 2015ರಲ್ಲಿ ಔರಂಗಜೇಬ್ ರಸ್ತೆ ಅಬ್ದುಲ್ ಕಲಾಂ ರಸ್ತೆಯಾಯಿತು. 2016ರಲ್ಲಿ ಗುರ್‌ಗಾಂವ್ ಗುರುಗ್ರಾಮವಾಯಿತು. 2022ರಲ್ಲಿ ರಾಜಪಥ ಕರ್ತವ್ಯಪಥ. 2023ರಲ್ಲಿ ಮೊಘಲ್ ಗಾರ್ಡನ್ ಅಮೃತ್ ಉದ್ಯಾನ. ಗಿಡದವರೂ ಹೆಸರು ಬದಲಿಸುತ್ತಾರೆ. ಎಲ್ಲರ ಮನೆಯ ಸ್ನೇಕ್ ಪ್ಲಾಂಟ್ ಸ್ಯಾನ್ಸೆವೇರಿಯಾ ಆಗಿತ್ತು. 2017ರಲ್ಲಿ ಡ್ರಸೀನಾ ಆಯಿತು. ಆದರೆ ಅವರು ಮೊದಲು ಡಿಎನ್‌ಎ ಪುರಾವೆ ತೋರಿಸಿ ಆಮೇಲೆ ಹಲಗೆ ಬದಲಿಸುತ್ತಾರೆ. ಹಲಗೆ ಮೊದಲು, ಪುರಾವೆ ಆಮೇಲೆ ಎಂಬ ಸುಲಭದ ಪದ್ಧತಿ ಅವರಿಗೆ ಇನ್ನೂ ಹೊಳೆದಿಲ್ಲ.

ಆ ಸ್ನೇಕ್ ಪ್ಲಾಂಟಿನ ಗಿಡ್ಡ ತಳಿಯೊಂದು ಕಮಲದ ಹಾಗೆ ಸುರುಳಿಯಾಗಿ ಕೂತಿರುತ್ತದೆ. 'ಲೋಟಸ್, ನ್ಯೂ ಹೈಬ್ರಿಡ್' ಎಂದು ಮಾರುತ್ತಾರೆ. ಅದರ ಹೆಸರು 'ಹಾನಿ'. 1939ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸಿಕ್ಕಿದ್ದು. ಹೈಬ್ರಿಡ್ ಅಲ್ಲ. ನ್ಯೂ ಅಂತೂ ಅಲ್ಲವೇ ಅಲ್ಲ; ನಮ್ಮ ಸ್ವಾತಂತ್ರ್ಯಕ್ಕಿಂತ ಎಂಟು ವರ್ಷ ಹಿರಿಯದು.

ಆರ್ಕಿಡ್‌ನವರ ಶಿಸ್ತು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನುಷ್ಯ ಬೆಳೆಸಿದ ಮೊದಲ ಆರ್ಕಿಡ್ ಸಂಕರ 1856ರಲ್ಲಿ ಇಂಗ್ಲೆಂಡಿನಲ್ಲಿ ಹೂ ಬಿಟ್ಟಿತು. ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ದಾಖಲೆಯಲ್ಲಿ ಇವತ್ತು ನೋಂದಾಯಿತ ಆರ್ಕಿಡ್ ಒಂದರ ಹೆಸರು ಕೊಟ್ಟರೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಂದು ಹಿಂದೆ ಹಿಂದೆ ಹೋಗಬಹುದು. 2018ರಲ್ಲಿ ಸಿಂಗಪುರದ ರಾಷ್ಟ್ರೀಯ ಆರ್ಕಿಡ್ ತೋಟ ಒಂದು ಡೆಂಡ್ರೋಬಿಯಂಗೆ ನಮ್ಮ ಪ್ರಧಾನಿಯ ಹೆಸರಿಟ್ಟಿತು. ನಮ್ಮ ಚಾನೆಲ್‌ಗಳು ಹೆಸರನ್ನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವು. ಹೂವಿನ ತಂದೆ–ತಾಯಿಯನ್ನು ವಿಚಾರಿಸುವ ಪುರುಸೊತ್ತು ಯಾರಿಗಿತ್ತು?

ಈಗ ದಿಲ್ಲಿಗೆ ಹೊಸ ವರ್ಗವೊಂದು ಬಂದಿದೆ. ಸಂಗ್ರಾಹಕರು. ಇವರು ಹೆಸರು ಕೇಳುತ್ತಾರೆ. ಬಾಯಿ ತುಂಬ ಲ್ಯಾಟಿನ್. ಬಂತಪ್ಪ ಬುದ್ಧಿ ಎಂದುಕೊಂಡೆ. ಕೇಳುವುದು ಹೆಸರಲ್ಲ, ರೇಟು. ಬಿಳಿ ಮಚ್ಚೆಯ ರಾಫಿಡೋಫೋರಾ ಟೆಟ್ರಾಸ್ಪರ್ಮಾ ಎಂಬ ಗಿಡ 2021ರಲ್ಲಿ ನ್ಯೂಜಿಲೆಂಡಿನ ಹರಾಜಿನಲ್ಲಿ ಅಲ್ಲಿನ 27,100 ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 14 ಲಕ್ಷ ರೂಪಾಯಿ. ಎಲೆ ಒಂಬತ್ತು. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಅದನ್ನು 'ಮಿನಿ ಮಾನ್ಸ್ಟೆರಾ' ಎಂದು ಕೊಳ್ಳುತ್ತಾರೆ. ಅದು ಮಾನ್ಸ್ಟೆರಾ ಅಲ್ಲವೇ ಅಲ್ಲ.

ಇವರಿಗೇ ಒಬ್ಬ ವ್ಯಾಪಾರಿ 'ಪಿಂಕ್ ಕಾಂಗೊ' ಮಾರಿದ. ಎಲೆಗಳೆಲ್ಲ ಗುಲಾಬಿ. ಅದು ತಳಿಯೇ ಅಲ್ಲ, ರಾಸಾಯನಿಕ ಕೊಟ್ಟು ಎಲೆಗೆ ತಂದ ಬಣ್ಣ. ಕೆಲವು ತಿಂಗಳಲ್ಲಿ ಹೊಸ ಎಲೆ ಹಸಿರಾಗಿಯೇ ಬಂತು. ಗಿಡಕ್ಕೆ ರೋಗ ಬಂದಿದೆ ಎಂದು ಔಷಧಿ ಹೊಡೆದರು. ಪಾಪದ ಗಿಡ ಗುಣವಾಗಿತ್ತು.

ಇವರ ಮನೆಯ ಗಿಡಗಳಿಗೆ ದಿನಾ ನೀರು ಹಾಕುವ ಮಾಲಿ ಬಿಹಾರದ ಕಡೆಯವನು. ಫಿಲೊಡೆಂಡ್ರಾನ್‌ನ ಅಜ್ಜ ಯಾರೆಂದು ಗೊತ್ತಿರುವವರಿಗೆ ಆತನ ಹೆಸರು ಗೊತ್ತಿಲ್ಲ. 'ಮಾಲಿ ಭೈಯಾ' ಸಾಕು. ಯಾವ ಗಿಡ ಏಕೆ ಬಾಡುತ್ತಿದೆ ಎಂದು ಆತನಿಗೆ ಗೊತ್ತು. ಆತನನ್ನು ಕೇಳುವುದಿಲ್ಲ, ಆ್ಯಪನ್ನು ಕೇಳುತ್ತಾರೆ. ಎಲೆಯ ಫೋಟೊ ತೆಗೆದರೆ ಆ್ಯಪ್ ಒಂದು ಹೆಸರು ಹೇಳುತ್ತದೆ. ಮತ್ತೊಂದು ಕೋನದಿಂದ ತೆಗೆದರೆ ಮತ್ತೊಂದು. ಎರಡರಲ್ಲಿ ದುಬಾರಿಯದನ್ನು ಇವರು ಆರಿಸಿಕೊಳ್ಳುತ್ತಾರೆ.

ನವೆಂಬರ್ ಬಂತೆಂದರೆ ಇರುವ ಅಲ್ಪಸ್ವಲ್ಪ ಹೆಸರೂ ಮಾಯ. ಎಲ್ಲ ಕುಂಡದ ಮೇಲೂ ಒಂದೇ ಚೀಟಿ: 'ಏರ್ ಪ್ಯೂರಿಫೈಯಿಂಗ್'. 1989ರಲ್ಲಿ ನಾಸಾ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಇಟ್ಟು ನೋಡಿದ್ದನ್ನು ಇವರು ಇನ್ನೂ ಮಾರುತ್ತಿದ್ದಾರೆ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಗಿಡಗಳಿಂದಲೇ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಅಷ್ಟು ಗಿಡ ಇಟ್ಟರೆ ಮನೆಯವರು ಹೊರಗೆ ಮಲಗಬೇಕು. ಹೊರಗೆ ಎಕ್ಯುಐ 400.

ಗಿಡಗಳಿಗೆ ಹೆಸರಿನ ಹಲಗೆ ಹಾಕಿಸೋಣ ಎಂದು ನಮ್ಮ ಸೊಸೈಟಿಯ ಸಭೆಯಲ್ಲಿ ಒಂದು ಮಾತು ಹೇಳಿದೆ. ಚಪ್ಪಾಳೆ ಬಿತ್ತು. ಕೂಡಲೇ ಉಪಸಮಿತಿ ಆಯಿತು. ದೀಪಾವಳಿಯ ಹೊತ್ತಿಗೆ ಹಿತ್ತಾಳೆ ಬಣ್ಣದ ಹಲಗೆಗಳೂ ಬಂದವು. ಒಂದೊಂದು ಕುಂಡಕ್ಕೂ ಒಂದು. ಬಗ್ಗಿ ಓದಿದೆ. ದಾನಿಗಳ ಹೆಸರು, ಟವರ್, ಫ್ಲ್ಯಾಟ್ ನಂಬರ್, ಮದುವೆಯ ಬೆಳ್ಳಿಹಬ್ಬದ ನೆನಪಿಗೆ.

ಒಂದು ಹಲಗೆಯಲ್ಲಿ ಸರ್‌ನೇಮಿನ ಸ್ಪೆಲಿಂಗ್ ತಪ್ಪಿತ್ತು. ದೊಡ್ಡ ಗಲಾಟೆಯಾಯಿತು. ಮರುದಿನವೇ ಹೊಸ ಹಲಗೆ ಮಾಡಿಸಿ ತಂದರು. ಆ ಕುಂಡದ ಗಿಡ ಸತ್ತು ವಾರವಾಗಿತ್ತು. ಒಣ ಕಡ್ಡಿಯನ್ನು ಒಂದು ಕೈಯಲ್ಲಿ ಸರಿಸಿ ಹಿಡಿದು, ಹಲಗೆಗೆ ನಾಲ್ಕು ಸ್ಕ್ರೂ ಬಿಗಿದು ಹೋದರು.